ಪ್ರಭುಗಳ ಬಾಗಿಲಲ್ಲಿ ಮಾವನ ಬೂಟು

ಕೊಟ್ಟಾರ

ಕಿರ್... ಕಿರ್... ತೂಗುಮಂಚದ ಸರಪಳಿಯ ಸದ್ದು. ನಮ್ಮ ಕೊಟ್ಟಾರದ ಮನೆಯಲ್ಲಿ ಅಡುಗೆ ಕೋಣೆಯಿಂದ ದನದ ಹಟ್ಟಿಯವರೆಗೂ ಅದು ಕೇಳುತ್ತಿತ್ತು. ಮಾವ ಚಾವಡಿಯಲ್ಲಿ ಕೂತು, ಬಲಗಾಲಿನ ಹೆಬ್ಬೆರಳಿನಿಂದ ನೆಲ ಒತ್ತುತ್ತಾ ಯೋಚನೆ ಮಾಡುವಾಗಿನ ಸದ್ದು ಅದು. ಅದು ಕೇಳುತ್ತಿರುವಷ್ಟು ಹೊತ್ತು ಯಾರು ಬೇಕಾದರೂ ಹೋಗಿ ತಮ್ಮ ಮಾತು ಹೇಳಬಹುದಿತ್ತು. ನಿಂತಿತೆಂದರೆ ತೀರ್ಮಾನವಾಯಿತು. ಅಮ್ಮ ಒಲೆಯ ಮುಂದೆ ಕೂತಲ್ಲಿಂದಲೇ, "ಆಯಿತು, ಇನ್ನು ದೇವರು ಬಂದು ಹೇಳಿದರೂ ಇಲ್ಲ" ಎನ್ನುತ್ತಿದ್ದರು.

ಈಚೆಗೆ ಪೇಪರಿನಲ್ಲಿ ಮೇಲ್ಮನೆ ಬೇಕೇ ಬೇಡವೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಆ ಸರಪಳಿ ಕೇಳುತ್ತದೆ. ಜನ ಆರಿಸದ ಸಭೆಯನ್ನು ತಿದ್ದಬೇಕೇ, ಬಾಗಿಲು ಮುಚ್ಚಿಬಿಡಬೇಕೇ ಎಂದು ತಿಳಿದವರು ಬರೆಯುತ್ತಾರೆ. ನಾನು ಪಾಲಿಟಿಕ್ಸ್ ಓದಿದವಳಲ್ಲ. ಓದಬೇಕೆಂದಿದ್ದೆ, ಆಗಲಿಲ್ಲ. ಆದರೆ ಅಂಥ ಸಭೆಗಳಲ್ಲೆಲ್ಲ ಬಹಳ ಹಳೆಯದನ್ನು, ಲಂಡನ್ನಿನ ಪ್ರಭುಗಳ ಸಭೆಯನ್ನು, ಹತ್ತೊಂಬತ್ತನೆಯ ಪ್ರಾಯದಲ್ಲಿ ಕಣ್ಣಾರೆ ನೋಡಿ ಬಂದಿದ್ದೇನೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಈಗ ಎಂಬತ್ತು ದಾಟಿದೆ. ಊರುಗಳ ಹೆಸರು ಮರೆತಿದ್ದೇನೆ, ಮಾತುಗಳನ್ನು ಮರೆತಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ, ಮಂಜಯ್ಯ. ನಮ್ಮದು ಅಳಿಯಕಟ್ಟಿನ ಮನೆ. ಗದ್ದೆ, ಮನೆ, ಹೆಸರು ಎಲ್ಲವೂ ಹೆಂಗಸರ ಕಡೆಯಿಂದ ಇಳಿದು ಬರುವುದು. ಆದರೆ ಚಾವಡಿಯ ಮಂಚ ಮಾತ್ರ ಗಂಡಸಿನದು. ಮಾವನಿಗಿಂತ ಮೊದಲು ಅದರ ಮೇಲೆ ಅವರ ಮಾವ ಕೂತಿದ್ದರು. ಮಾವನ ನಂತರ ಅವರ ಅಳಿಯ, ಅಂದರೆ ನನ್ನ ಅಣ್ಣ ಸಂಜೀವ, ಕೂರಬೇಕು. ಯಾರೂ ಯಾರನ್ನೂ ಆರಿಸಿದ್ದಲ್ಲ.

ಆ ವರ್ಷ ಮದ್ರಾಸಿನಿಂದ ಮಾವನಿಗೆ ಒಂದು ಖಾಸಗಿ ಕಾಗದ ಬಂತು. ಆಗ ನಾವು ಮದ್ರಾಸ್ ಪ್ರಾಂತಕ್ಕೆ ಸೇರಿದವರು. ಅಲ್ಲಿನ ಮೇಲ್ಮನೆಯಲ್ಲಿ ಗವರ್ನರರು ತಾವಾಗಿಯೇ ನೇಮಿಸುವ ಕೆಲವು ಸೀಟುಗಳಿದ್ದವು. ಒಂದು ಖಾಲಿಯಾಗುವುದರಲ್ಲಿದೆ, ಹೆಸರು ಸೂಚಿಸಿದರೆ ಒಪ್ಪಿಗೆ ಉಂಟೇ ಎಂದು ಕಾಗದ ಕೇಳಿತ್ತು. ಸರಪಳಿ ಮೂರು ದಿನ ಕಿರುಗುಟ್ಟಿತು. ಖಾದಿ ಉಡುತ್ತಿದ್ದ ಅಣ್ಣ ಚಾವಡಿಗೆ ಹೋಗಿ, "ಓಟಿಲ್ಲದ ಕುರ್ಚಿ ಅದು ಮಾವ. ಗವರ್ನರ ಬಾ ಅಂದರೆ ಬರುವುದು, ಹೋಗು ಅಂದರೆ ಹೋಗುವುದು. ನಮ್ಮ ಮನೆಯವರಿಗೆ ಎಂತಕ್ಕೆ?" ಎಂದ.

"ನಾನು ಕೂತ ಈ ಮಂಚಕ್ಕೆ ಯಾರು ಓಟು ಹಾಕಿದ್ದು ಮಾರಾಯ?" ಎಂದರು ಮಾವ.

ನನಗೆ ಆ ಸೀಟು ಬೇಕಿತ್ತು. ಮಾವನಿಗಿಂತ ಹೆಚ್ಚು ನನಗೆ ಬೇಕಿತ್ತು. ಕಾನ್ವೆಂಟಿನಲ್ಲಿ ಇಂಟರ್ ಮುಗಿಸಿದ್ದ ನಾನು ಬಿ.ಎ.ಗೆ ಮದ್ರಾಸಿಗೆ ಹೋಗಬೇಕೆಂದು ಹಟ ಹಿಡಿದಿದ್ದೆ. "ನಾನು ಮದ್ರಾಸಿನಲ್ಲಿ ಮನೆ ಮಾಡಿದರೆ ನೀನೂ ಬಾ. ಮನೆ ನೋಡಿಕೊಂಡು ಕಾಲೇಜಿಗೆ ಹೋಗು" ಎಂದಿದ್ದರು ಮಾವ. ಇಲ್ಲದಿದ್ದರೆ ಒಂಟಿ ಹುಡುಗಿಯನ್ನು ಅಷ್ಟು ದೂರ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಮಾವನಿಗೆ ಕುರ್ಚಿ ಸಿಕ್ಕಿದರೆ ನನಗೆ ಕಾಲೇಜು. ಲೆಕ್ಕ ಅಷ್ಟು ಸಿಂಪಲ್ ಆಗಿತ್ತು.

ಉತ್ತರ ಬರೆಯುವ ಮೊದಲು ಇಂಗ್ಲೆಂಡಿನ ಪ್ರಯಾಣ ಬಂತು. ಮಾವ ಪಾಲುದಾರರಾಗಿದ್ದ ಹೆಂಚಿನ ಕಾರ್ಖಾನೆಗೆ ಹೆಂಚು ಒತ್ತುವ ಹೊಸ ಪ್ರೆಸ್ ಬೇಕಿತ್ತು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬಿಳಿಯರ ಬಾಯಿಂದ ಬಂದರೆ ಅರ್ಥವಾಗುತ್ತಿರಲಿಲ್ಲ. ಅಣ್ಣ ಆ ನೆಲಕ್ಕೆ ಕಾಲಿಡುವುದಿಲ್ಲವೆಂದ. "ಹಾಗಾದರೆ ಜಲಜ ಬರಲಿ. ಸಿಸ್ಟರುಗಳು ಕಲಿಸಿದ ಇಂಗ್ಲಿಷು ಎಲ್ಲಿಗಾದರೂ ಉಪಯೋಗಕ್ಕೆ ಬರಬೇಕಲ್ಲ" ಎಂದರು ಮಾವ. ಸರಪಳಿ ನಿಂತಿತು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಹಡಗು

ಚೌತಿ ಕಳೆದು ಕಡಲು ತಣ್ಣಗಾದ ಮೇಲೆ ಹೊರಟೆವು. ಬಂದರಿನಿಂದ ದೋಣಿಯಲ್ಲಿ ಅಳಿವೆ ದಾಟಿ ಸ್ಟೀಮರು, ಬೊಂಬಾಯಿಯಲ್ಲಿ ದೊಡ್ಡ ಹಡಗು. ಕಡಲು ನಮಗೆ ಹೊಸತಲ್ಲ, ಆದರೆ ದಡ ಕಾಣದ ಕಡಲು ಹೊಸತು. ಮಾವ ಮೊದಲ ದಿನವಿಡೀ ಡೆಕ್ಕಿನಲ್ಲಿ ನಿಂತು ದಡ ಹುಡುಕಿದರು.

ಹಡಗಿನಲ್ಲಿ ನನಗೆ ವಿಚಿತ್ರ ಕಂಡದ್ದು ಊಟದ ಮನೆ. ನಾಲ್ಕು ದಿಕ್ಕಿನಿಂದಲೂ ಜನ, ಆದರೆ ಯಾರಿಗೂ ಯಾರ ತಟ್ಟೆಯಲ್ಲಿ ಏನಿದೆ ಎಂಬ ಕುತೂಹಲವಿಲ್ಲ. ನಮ್ಮಲ್ಲಾದರೆ, "ಮೀನು ಹಾಕಿಸಿಕೊಳ್ಳಲಿಲ್ಲವಾ, ಯಾಕೆ?" ಎಂದು ಮೂರು ಸಲ ಕೇಳದೆ ಊಟ ಮುಗಿಯುವುದಿಲ್ಲ. ಮಾವ ಎದುರಿಗೆ ಕೂತ ಇಂಗ್ಲಿಷ್ ಹೆಂಗಸಿಗೆ, "ನೀವು ಏನೂ ತಿನ್ನುತ್ತಿಲ್ಲ" ಎಂದು ಹೇಳು ಎಂದರು. ನಾನು ಹೇಳಿದೆ. ಆಕೆ ಕೆಂಪಗಾಗಿ ಮರುದಿನದಿಂದ ಬೇರೆ ಮೇಜಿಗೆ ಹೋದಳು. ಇಂಟರ್‌ಪ್ರಿಟರ್ ಆದವಳು ಕೆಲವು ಮಾತನ್ನು ದಾಟಿಸದೆ ನುಂಗಬೇಕು ಎಂದು ಆಗಲೇ ಕಲಿತದ್ದು. ಆ ಪಾಠ ಕಲಿಯದಿದ್ದರೆ ಚೆನ್ನಾಗಿತ್ತು.

ಲಂಡನ್ನಿನ ಬೋರ್ಡಿಂಗ್ ಹೌಸ್

ನಾವು ಇಳಿದುಕೊಂಡದ್ದು ಮಿಸೆಸ್ ಹಾರ್ಕರ್ ಎಂಬ ವಿಧವೆಯ ಮನೆಯಲ್ಲಿ. ಚಳಿ, ಮಂಜು, ಮಧ್ಯಾಹ್ನ ಮೂರಕ್ಕೇ ದೀಪ. ಸ್ನಾನಕ್ಕೆ ವಾರದಲ್ಲಿ ಎರಡು ದಿನವೆಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದಳು. ಮಾವ ಅದನ್ನು ಎರಡು ಸಲ ಓದಿ, "ಇದು ಎಮ್ಮೆಗೆ ಬರೆದದ್ದಾ?" ಎಂದು ಕೇಳಿದರು. ಎಮ್ಮೆ ದಿನಾ ಮೀಯುತ್ತದೆ ಎಂದೆ.

ಮೂರನೆಯ ದಿನ ಮಾವನಿಗೆ ಬ್ರೆಡ್ಡು ಸಾಕಾಗಿ, ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿಯ ಡಬ್ಬಿ ತೆರೆದರು. ಅರ್ಧ ಗಂಟೆಯಲ್ಲಿ ಮಿಸೆಸ್ ಹಾರ್ಕರ್ ಚರಂಡಿ ಒಡೆದಿದೆ ಎಂದು ಇಬ್ಬರು ಕೆಲಸಗಾರರನ್ನು ಕರೆಸಿ ಬಚ್ಚಲಿನ ನೆಲ ತಟ್ಟಿಸುತ್ತಿದ್ದಳು. ನಾನು ನಾಚಿಕೆಯಿಂದ ಸತ್ಯ ಹೇಳಿದೆ. ಆಕೆ ಡಬ್ಬಿಯನ್ನು ಮೂಸಿ ನೋಡಿದಳು. ಆಮೇಲೆ ಬ್ರೆಡ್ಡಿನ ತುದಿಗೆ ಹಚ್ಚಿ ತಿಂದಳು. ಅಂದಿನಿಂದ ಸಂಜೆ ಅವಳ ಅಡುಗೆ ಕೋಣೆಯ ಬೆಂಕಿಯ ಬಳಿ ನಮಗೂ ಜಾಗ ಸಿಕ್ಕಿತು.

ಅಲ್ಲಿ ಕೂತು ಮಾವ ಕೇಳಿದರು: "ನಿಮ್ಮ ಪ್ರಭುಗಳ ಸಭೆ ಹೇಗೆ ಉಂಟು ಎಂದು ಕೇಳು."

ಮಿಸೆಸ್ ಹಾರ್ಕರ್ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ನನ್ನ ಗಂಡನನ್ನು ಒಪ್ಪಿದ್ದು ನಾನು. ಅವನು ಕುಡುಕನಾದದ್ದಕ್ಕೆ ನನ್ನನ್ನೇ ಬೈದುಕೊಳ್ಳಬಹುದು. ಆ ಪ್ರಭುಗಳನ್ನು ಒಪ್ಪಿದ್ದು ಯಾರು? ಕೆಟ್ಟರೆ ಯಾರನ್ನು ಬೈಯಲಿ?" ಎಂದಳು. ಬೀಗ ಹಾಕಿ, ಆ ಕಟ್ಟಡದಲ್ಲಿ ಬಡವರಿಗೆ ಬಿಸಿನೀರಿನ ಸ್ನಾನದ ಮನೆ ಮಾಡಬೇಕೆಂದೂ ಸೇರಿಸಿದಳು.

"ವಾರಕ್ಕೆ ಎಷ್ಟು ದಿನ ಎಂದು ಕೇಳು" ಎಂದರು ಮಾವ. ಅದನ್ನು ನಾನು ದಾಟಿಸಲಿಲ್ಲ.

ಪ್ರಭುಗಳ ಸಭೆ

ಪ್ರೆಸ್ಸಿನ ಕಂಪೆನಿಯವರು ಗ್ಯಾಲರಿಗೆ ಎರಡು ಪಾಸು ಕೊಡಿಸಿದರು. ಮಾವ ಬೆಳಿಗ್ಗೆಯೇ ತಣ್ಣೀರಲ್ಲಿ ಮಿಂದು, ಕ್ಲೋಸ್ ಕೋಟು ಹಾಕಿ, ಜರಿಯ ಮುಂಡಾಸು ಸುತ್ತಿ ಸಿದ್ಧರಾದರು. ಊರಿನಲ್ಲಿ ನ್ಯಾಯ ಪಂಚಾಯಿತಿಗೆ ಕೂರುವ ದಿನವೂ ಹೀಗೆಯೇ ಹೊರಡುತ್ತಿದ್ದರು.

ಕಲ್ಲಿನ ಕಾರಿಡಾರು ಮುಗಿದು ಬಾಗಿಲು ಕಂಡಿತು. ಅಲ್ಲಿ ಕರಿಯ ಕೋಟು, ಬಿಳಿಯ ಟೈ, ಎದೆಯ ಮೇಲೆ ಸರಪಳಿಯಲ್ಲಿ ಬಿಲ್ಲೆ ತೊಟ್ಟ ಮುದಿ ಡೋರ್‌ಕೀಪರ್ ನಿಂತಿದ್ದ. ನಾನು ಪಾಸು ತೆಗೆದು ತಿರುಗುವಷ್ಟರಲ್ಲಿ ಮಾವ ಕಲ್ಲುಬೆಂಚಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು.

"ಮಾವ, ಎಂತ ಮಾಡ್ತೀರಿ? ಇಲ್ಲಿ ಬಿಚ್ಚುವುದಿಲ್ಲ."

"ಒಳಗೆ ಹಿರಿಯರು ಕೂತು ನ್ಯಾಯ ಹೇಳುವ ಜಾಗ ಅಲ್ವಾ?"

"ಹೌದು, ಆದರೆ..."

"ಹಾಗಾದರೆ ಚಾವಡಿ. ಚಾವಡಿಗೆ ಬೂಟು ಹಾಕಿಕೊಂಡು ಹೋಗುವುದಾ? ನಿನ್ನ ಸಿಸ್ಟರುಗಳು ಇಷ್ಟೂ ಕಲಿಸಲಿಲ್ಲವಾ?"

ಹಿಂದೆ ಜನ ನಿಂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಂಗ್ಲಿಷರು ಅಂಥ ಜಾಗದಲ್ಲಿ ಹ್ಯಾಟು ತೆಗೆಯುತ್ತಾರೆ, ಬೂಟು ಬಿಡುವುದಿಲ್ಲ. ನಾವು ಮುಂಡಾಸು ತೆಗೆಯುವುದಿಲ್ಲ, ಚಪ್ಪಲಿ ಬಿಡುತ್ತೇವೆ. ಅವರ ಗೌರವ ತಲೆಯಿಂದ ಶುರುವಾದರೆ ನಮ್ಮದು ಕಾಲಿನಿಂದ. ಡೋರ್‌ಕೀಪರನಿಗೆ ಹಾಗೆಯೇ ವಿವರಿಸಿದೆ. ಅವನು ಮಾವನ ಕಾಲುಚೀಲವನ್ನೂ ಮುಂಡಾಸನ್ನೂ ನೋಡಿ, ಬೂಟಿನ ಜೋಡಿಯನ್ನು ತಾನೇ ಎತ್ತಿ ತನ್ನ ಕುರ್ಚಿಯ ಕೆಳಗೆ ಇಟ್ಟ. "ಮೂವತ್ತು ವರ್ಷದಿಂದ ಇಲ್ಲಿದ್ದೇನೆ ಮಿಸ್. ಒಳಗೆ ಹೋಗುವವರು ಇಷ್ಟು ಮರ್ಯಾದೆ ತೋರಿಸಿದ್ದು ನೋಡಿಲ್ಲ" ಎಂದ. ತಮಾಷೆ ಮಾಡಿದನೋ ನಿಜವಾಗಿ ಹೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ.

ಒಳಗೆ ಚಿನ್ನದ ಕೆತ್ತನೆ, ಕೆಂಪು ಚರ್ಮದ ಬೆಂಚುಗಳು, ಖಾಲಿ ಸಿಂಹಾಸನ. ಅಷ್ಟು ದೊಡ್ಡ ಸಭೆಯಲ್ಲಿ ಕೂತದ್ದು ಹದಿನೈದಿಪ್ಪತ್ತು ಮುದುಕರು. ಅಧ್ಯಕ್ಷರು ಉಣ್ಣೆ ತುಂಬಿದ ಕೆಂಪು ಮೂಟೆಯ ಮೇಲೆ ಕೂತಿದ್ದರು.

"ಇಷ್ಟು ದೊಡ್ಡ ರಾಜ್ಯ, ಒಂದು ಕುರ್ಚಿ ಇಲ್ಲವಾ?" ಮಾವ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿನ ನಂತರ, "ಇವರ ನಂತರ ಯಾರು ಕೂರುವುದು?"

"ಹಿರಿಯ ಮಗ."

"ಮಗನಾ? ಅಳಿಯನಿಗೆ ಎಂತದೂ ಇಲ್ಲವಾ?" ಅವರ ಮುಖದಲ್ಲಿ ನಿಜವಾದ ಕನಿಕರ ಇತ್ತು. ಆಮೇಲೆ ಕೆಳಗೆ ಬೆಂಚು ಬೆಂಚು ಹುಡುಕಿದರು. "ಹೆಂಗಸರು?"

"ಇಲ್ಲ."

ಅವರು ಮುಂಡಾಸು ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು.

ಅಂದು ಚರ್ಚೆಗೆ ಬಂದದ್ದು ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವ ಹುಡುಗಿಯರ ವಿಷಯ. ಅವರಿಗಾಗಿ ಅಂಗಡಿಯಲ್ಲಿ ಕುರ್ಚಿ ಇಡಬೇಕೆಂಬ ನಿಯಮ ಕೆಳಮನೆಯಿಂದ ಒಪ್ಪಿಗೆಯಾಗಿ ಬಂದಿತ್ತಂತೆ. ಒಬ್ಬಿಬ್ಬರು ನಿದ್ದೆಯಲ್ಲಿದ್ದರು. ಆಗ ತೊಂಬತ್ತರ ಹತ್ತಿರದ ಒಬ್ಬ ಪ್ರಭು ಕೋಲು ಊರಿ ಎದ್ದರು. ದನಿ ನಡುಗುತ್ತಿತ್ತು. "ಕುರ್ಚಿ ಇಡಬೇಕು ಎಂದು ಬರೆದಿದ್ದೀರಿ. ಹುಡುಗಿಯರನ್ನು ಕೂರಲು ಬಿಡಬೇಕು ಎಂದು ಎಲ್ಲಿ ಬರೆದಿದ್ದೀರಿ?" ಎಂದು ಕೇಳಿ ಕೂತರು. ನಿದ್ದೆಯಲ್ಲಿದ್ದ ಒಬ್ಬರು ಎಚ್ಚರಾದರು. ಕಾಗದಗಳು ಮಗುಚಿದವು. ನಿಜ, ಎಲ್ಲಿಯೂ ಬರೆದಿರಲಿಲ್ಲ.

ನಾನು ದಾಟಿಸಿದ್ದನ್ನು ಕೇಳಿ ಮಾವ ತೊಡೆ ತಟ್ಟಿದರು. "ನೋಡಿದ್ಯಾ? ಓಟು ಬೇಡುವ ಅಗತ್ಯ ಇಲ್ಲದವನ ಕಣ್ಣಿಗೆ ಇದು ಕಾಣ್ತದೆ. ಸಂಜೀವನಿಗೆ ಹೇಳಬೇಕು."

ಹೊರಗೆ ಬಂದಾಗ ಡೋರ್‌ಕೀಪರ್ ಬೂಟು ತಂದುಕೊಟ್ಟ. ಅದಕ್ಕೆ ಪಾಲಿಶ್ ಬಿದ್ದಿತ್ತು. ಮಾವ ನನ್ನ ಮೂಲಕ ಕೇಳಿದರು: "ಇವರು ಬೇಡ ಎಂದರೆ ಕಾನೂನು ನಿಂತೇ ಹೋಗ್ತದಾ?"

"ನಿಲ್ಲಿಸುವ ಅಧಿಕಾರ ಹೋಗಿ ಬಹಳ ಕಾಲವಾಯಿತು ಸರ್. ಈಗಿರುವುದು ತಡ ಮಾಡುವ ಅಧಿಕಾರ. ಎರಡು ವರ್ಷ. ಆಮೇಲೂ ಕೆಳಮನೆ ಬೇಕೆಂದರೆ ಆಗಿಯೇ ಆಗುತ್ತದೆ."

"ಎರಡು ವರ್ಷದಲ್ಲಿ ಎಂತ ಆಗ್ತದೆ?"

ಅವನು ಯೋಚಿಸಿದ. "ಕೆಲವೊಮ್ಮೆ ಸಿಟ್ಟು ಇಳಿಯುತ್ತದೆ ಸರ್. ಕೆಲವೊಮ್ಮೆ ಹೆದರಿಕೆ."

ಕಲ್ಲುಬೆಂಚು

ಮಾವ ಬೂಟಿನ ದಾರ ಕಟ್ಟುತ್ತಿದ್ದಾಗ ಕೋಲಿನ ಸದ್ದು ಬಂತು. ಅದೇ ಮುದಿ ಪ್ರಭು. ಡೋರ್‌ಕೀಪರನಿಂದ ಬೂಟಿನ ಕಥೆ ಕೇಳಿ ನಮ್ಮ ಹತ್ತಿರ ಬಂದು, ಯಾವ ಊರು ಎಂದು ವಿಚಾರಿಸಿ, ಮಾವನ ಪಕ್ಕದಲ್ಲೇ ಉಸ್ಸೆಂದು ಕೂತರು. ಹತ್ತಿರದಿಂದ ನೋಡಿದರೆ ಅವರ ಕೋಟಿನ ತೋಳು ಸವೆದಿತ್ತು.

ಮಾವ ನೆಟ್ಟಗೆ ಕೇಳಿದರು: "ಇವರನ್ನು ಇಲ್ಲಿಗೆ ಕಳಿಸಿದ್ದು ಯಾರು ಎಂದು ಕೇಳು ಮಗಾ."

"ನನ್ನ ತಂದೆ ತೀರಿಕೊಂಡರು, ಅಷ್ಟೇ" ಎಂದರು ಪ್ರಭು.

ಮಾವ ತಲೆ ಆಡಿಸಿದರು. "ನನ್ನದೂ ಹಾಗೇ. ನನ್ನ ಮಾವ ತೀರಿಕೊಂಡರು." ಆಮೇಲೆ ಮದ್ರಾಸಿನ ಕಾಗದದ ವಿಷಯ ಹೇಳಿಸಿ, ಒಪ್ಪಿಕೊಳ್ಳಬೇಕೇ ಎಂದು ಕೇಳಿಸಿದರು.

ಮುದುಕರು ಕೋಲಿನ ತುದಿ ನೋಡುತ್ತಾ ಕೂತರು. ಅವರ ಮಾತು ನನಗೆ ಅಕ್ಷರಶಃ ನೆನಪಿದೆ. "ನಿಮ್ಮ ಮಾವನಿಗೆ ಹೇಳಮ್ಮ. ಕೊಟ್ಟದ್ದನ್ನು ಹಿಂದೆ ಪಡೆಯುವ ಹಕ್ಕು ಅವರ ಊರಿನವರಿಗೆ ಇದ್ದರೆ ಕೂತುಕೊಳ್ಳಲಿ. ಇಲ್ಲದಿದ್ದರೆ ಬೇಡ. ನಾನು ಇಲ್ಲಿ ಅರವತ್ತು ವರ್ಷ ಕೂತಿದ್ದೇನೆ. ಇರಿ ಎಂದು ಯಾರೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಇವತ್ತು ಆ ಹುಡುಗಿಯರ ಬಗ್ಗೆ ಹೇಳಿದ್ದು ಸರಿಯೇ ಇರಬಹುದು. ತಪ್ಪಾಗಿದ್ದರೂ ನನ್ನನ್ನು ಕೇಳುವವರಿಲ್ಲ."

ಮಾವ ನನ್ನ ಬಾಯಿ ನೋಡುತ್ತಿದ್ದರು.

ಒಂದು ಉಸಿರಿನಷ್ಟು ಹೊತ್ತು. ನನ್ನ ಕಣ್ಣಿಗೆ ಮದ್ರಾಸು ಬಂತು. ಕಾಲೇಜಿನ ಮೆಟ್ಟಿಲು, ಲೈಬ್ರರಿ, ಕಡಲಿನ ದಾರಿ. ನೋಡದೆಯೂ ಎಲ್ಲ ಕಂಡಿತು.

"ಕೊಟ್ಟರೆ ಬಿಡಬೇಡಿ ಎನ್ನುತ್ತಾರೆ ಮಾವ. ನಿಮ್ಮಂಥವರು ಕೂರಲೇಬೇಕಂತೆ."

ಮಾವ ಎದ್ದು ಕೈ ಮುಗಿದರು. ಪ್ರಭು ಎದ್ದು ಆ ಎರಡು ಕೈಯನ್ನೂ ಹಿಡಿದುಕೊಂಡರು. ಇಬ್ಬರೂ ಬೇರೆ ಬೇರೆ ಮಾತಿಗೆ ತಲೆ ಆಡಿಸುತ್ತಾ, ಬಹಳ ಸಂತೋಷದಿಂದ, ಒಬ್ಬರನ್ನೊಬ್ಬರು ನೋಡಿದರು.

ಮರುದಿನ ಬೆಳಿಗ್ಗೆ ಮಾವ ಒಪ್ಪಿಗೆಯ ಕಾಗದ ಡಿಕ್ಟೇಟ್ ಮಾಡಿದರು. ನಾನು ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ, ಅವರು ಸಹಿ ಹಾಕಿದರು. ಪೋಸ್ಟ್ ಮಾಡು ಎಂದು ನನ್ನ ಕೈಗೆ ಕೊಟ್ಟರು. ಕೆಂಪು ಪೋಸ್ಟ್ ಬಾಕ್ಸು ಮನೆಯ ಎದುರಿಗೇ ಇತ್ತು. ಹೋದೆ, ನಿಂತೆ, ವಾಪಸು ಬಂದೆ. ಅಂದಿನಿಂದ ಆ ಲಕೋಟೆ ನನ್ನ ಕೈಚೀಲದಲ್ಲೇ ಉಳಿಯಿತು.

ಪೋರ್ಟ್ ಸೈದಿನ ಮೊದಲು

ಪ್ರೆಸ್ ನೋಡಿ, ಮಾತು ಮುಗಿಸಿ, ಡಿಸೆಂಬರಿನಲ್ಲಿ ಮರಳಿ ಹಡಗು ಹತ್ತಿದೆವು. ಮಿಸೆಸ್ ಹಾರ್ಕರ್ ಖಾಲಿಯಾದ ಚಟ್ನಿ ಡಬ್ಬಿಯನ್ನು ತೊಳೆದು, ಅದರ ತುಂಬ ಬಿಸ್ಕತ್ತು ಹಾಕಿ ಕೊಟ್ಟಿದ್ದಳು. ಖಾಲಿ ಪಾತ್ರೆ ಹಿಂದೆ ಕೊಡಬಾರದೆಂಬುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ.

ಹಡಗಿನಲ್ಲಿ ಮಾವ ಬೇರೆಯೇ ಮನುಷ್ಯರಾಗಿದ್ದರು. ಮದ್ರಾಸಿಗೆ ಮರಳುತ್ತಿದ್ದ ಒಬ್ಬ ತಮಿಳು ವಕೀಲರಿಗೆ, ಗುಜರಾತಿ ವ್ಯಾಪಾರಿಗೆ, ಊಟ ಬಡಿಸುವ ಗೋವೆಯವನಿಗೆ, ಎಲ್ಲರಿಗೂ ಒಂದೇ ಕಥೆ. "ಅಷ್ಟು ದೊಡ್ಡ ಪ್ರಭುಗಳು. ನನ್ನ ಎರಡೂ ಕೈ ಹಿಡಿದು, ಬಿಡಬೇಡಿ ಎಂದರು." ಇಂಗ್ಲಿಷಿನಲ್ಲಿ ಅದನ್ನು ಮತ್ತೆ ಮತ್ತೆ ದಾಟಿಸಬೇಕಾದವಳು ನಾನು. ಪ್ರತಿ ಸಲವೂ ನನ್ನ ಸುಳ್ಳು ಇನ್ನಷ್ಟು ನಯವಾಯಿತು. ಒಂದು ಮಧ್ಯಾಹ್ನ ಮಾವ ಡೆಕ್ಕಿನ ಕುರ್ಚಿಯಲ್ಲಿ ಕೂತು, ಇದನ್ನು ಸಂಜೀವನಿಗೆ ಹೇಗೆ ಹೇಳುವುದೆಂದು ತಮ್ಮಷ್ಟಕ್ಕೆ ಅಭ್ಯಾಸ ಮಾಡುತ್ತಿದ್ದರು. ಹೆಬ್ಬೆರಳು ಡೆಕ್ಕನ್ನು ಒತ್ತುತ್ತಿತ್ತು. ಅಲ್ಲಿ ಸರಪಳಿ ಇರಲಿಲ್ಲ, ಆದರೂ ನನಗೆ ಕೇಳಿತು.

"ಮಾವ, ಅವರು ಹಾಗೆ ಹೇಳಲಿಲ್ಲ."

ಹೆಬ್ಬೆರಳು ನಿಂತಿತು.

ಎಲ್ಲ ಹೇಳಿದೆ. ಲಕೋಟೆ ತೆಗೆದು ಅವರ ಮಡಿಲಲ್ಲಿ ಇಟ್ಟೆ. ಬೈಯುತ್ತಾರೆಂದು ಕಾದೆ. ಅವರು ಲಕೋಟೆಯನ್ನು ಎರಡಾಗಿ ಮಡಚಿ ಕೋಟಿನ ಕಿಸೆಗೆ ಹಾಕಿದರು.

"ಮದ್ರಾಸಿಗೆ ಹೋಗಲಿಕ್ಕೆ ಅಲ್ವಾ?" ಎಂದರು.

"ಹೌದು."

"ಈಗ ಅವರು ಹೇಳಿದ್ದನ್ನು ಸರಿಯಾಗಿ ಹೇಳು. ಒಂದೂ ಬಿಡಬೇಡ."

ಹೇಳಿದೆ. ಇನ್ನೊಂದು ಸಲ ಎಂದರು. ಮತ್ತೆ ಹೇಳಿದೆ. 'ಇರಿ ಎಂದು ಯಾರೂ ಹೇಳಲಿಲ್ಲ' ಎಂಬಲ್ಲಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಹೊಸ ಕಾಗದ ತರಿಸಿ ಬರೆಸಿದರು: 'ತಮ್ಮ ಕೃಪೆಗೆ ಋಣಿ. ನನ್ನ ಊರಿನವರು ನನ್ನನ್ನು ಕಳಿಸಿಲ್ಲವಾದ್ದರಿಂದ ಬರಲಾರೆ.' ಮುಂದಿನ ಬಂದರು ಪೋರ್ಟ್ ಸೈದಿನಲ್ಲಿ ಅದನ್ನು ನಾನೇ ಪೋಸ್ಟ್ ಮಾಡಿದೆ.

"ನಿನ್ನ ಕಾಲೇಜಿನ ವಿಷಯ ಮನೆಯವರನ್ನು ಕೇಳುವ" ಎಂದರು ಮಾವ. "ಇಷ್ಟು ವರ್ಷ ನಾನು ಯಾರನ್ನೂ ಕೇಳಿದ್ದಿಲ್ಲ."

ಮತ್ತೆ ಕೊಟ್ಟಾರ

ಕುಟುಂಬದವರೆಲ್ಲ ಒಂದು ಆದಿತ್ಯವಾರ ಸೇರಿದರು. ಬಿಕರ್ನಕಟ್ಟೆಯಿಂದ ಚಿಕ್ಕಮ್ಮ ಗಾಡಿಯಲ್ಲಿ ಬಂದರು. ಹಿಂದಿನ ದಿನವೇ ನನಗೆ, "ನಾನು ನಿನ್ನ ಕಡೆ, ಹೆದರಬೇಡ" ಎಂದು ಹೇಳಿ ಕಳಿಸಿದ್ದರು. ಹೆಂಗಸರೂ ಚಾವಡಿಯಲ್ಲಿ ಕೂರಬೇಕೆಂದು ಮಾವ ಹೇಳಿದಾಗ ದೊಡ್ಡಮ್ಮ ಕಂಬದ ಹಿಂದೆ ಕೂತರು.

ಮಾವ ತೂಗುಮಂಚದಲ್ಲಿ ಕೂರಲಿಲ್ಲ, ಚಾಪೆಯ ಮೇಲೆ ಕೂತರು. "ಜಲಜನನ್ನು ಓದಲಿಕ್ಕೆ ಮದ್ರಾಸಿಗೆ ಕಳಿಸುವುದಾ ಬೇಡವಾ? ಎಲ್ಲರಿಗೂ ಒಂದೊಂದು ಅಡಿಕೆ ಉಂಟು. ಕಳಿಸುವ ಎನ್ನುವವರು ಮುಷ್ಟಿಯನ್ನು ಹಂಡೆಯೊಳಗೆ ಹಾಕಿ ಅಡಿಕೆ ಬಿಡಿ. ಬೇಡ ಎನ್ನುವವರು ಅಡಿಕೆ ಇಟ್ಟುಕೊಂಡು ಬರೇ ಮುಷ್ಟಿ ಹಾಕಿ ತೆಗೆಯಿರಿ. ಯಾರದ್ದು ಯಾವುದು ಎಂದು ಯಾರಿಗೂ ಗೊತ್ತಾಗುವುದು ಬೇಡ. ಓಟು ಎಂದರೆ ಹಾಗೆ."

ಅಣ್ಣ ಮೆಚ್ಚಿ ತಲೆ ಆಡಿಸಿದ. ಕೇಳುವ ಮಾವನನ್ನು ಬಿಟ್ಟು ಹದಿನೇಳು ಜನ. ಬಚ್ಚಲಿನ ಸಣ್ಣ ತಾಮ್ರದ ಹಂಡೆಯನ್ನು ಹುಣಸೆ ಹಚ್ಚಿ ಬೆಳಗಿ ಚಾವಡಿಯ ನಡುವೆ ಇಟ್ಟಿದ್ದರು.

ಮೊದಲು ದೊಡ್ಡಮ್ಮ. ಮುಷ್ಟಿ ಹೋಯಿತು, ಬಂತು. ಸದ್ದಿಲ್ಲ. ಎರಡನೆಯವರು ಅಮ್ಮ. ಮುಷ್ಟಿ ಬಿಚ್ಚಿದರು.

ಟಣ್.

ಖಾಲಿ ತಾಮ್ರದ ಹಂಡೆಗೆ ಒಣ ಅಡಿಕೆ ಬಿದ್ದರೆ ಎಷ್ಟು ದೊಡ್ಡ ಸದ್ದಾಗುತ್ತದೆ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಸದ್ದು ಮಾಡಿನ ಹೆಂಚನ್ನು ಮುಟ್ಟಿ ಬಂತು. ದೊಡ್ಡಮ್ಮ ಕಂಬದ ಹಿಂದಿನಿಂದ ಮುಖ ಹೊರಗೆ ಹಾಕಿ ಅಮ್ಮನನ್ನು ನೋಡಿದರು. ಅಷ್ಟೇ, ಬರೇ ನೋಡಿದರು.

ಚಿಕ್ಕಮ್ಮನ ಮುಷ್ಟಿ ಹಂಡೆಯೊಳಗೆ ಸ್ವಲ್ಪ ಹೊತ್ತು ನಿಂತಿತು. ಸದ್ದಿಲ್ಲದೆ ಮರಳಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಸದ್ದಿಲ್ಲ, ಸದ್ದಿಲ್ಲ. ಓಟಿಗಾಗಿ ಲಾಠಿ ಏಟು ತಿಂದಿದ್ದ ನನ್ನ ಅಣ್ಣನ ಮುಷ್ಟಿಯಿಂದಲೂ ಸದ್ದು ಬರಲಿಲ್ಲ. ಕಿವಿ ಕೇಳದ ಒಬ್ಬ ಅಜ್ಜ ಇದ್ದರು, ಅವರ ಅಡಿಕೆ ಟಣ್ ಎಂದಿತು. ತಮ್ಮ ಸದ್ದು ತಮಗೇ ಕೇಳದವರು, ಅವರಿಗೆ ಹೆದರಿಕೆ ಇರಲಿಲ್ಲ. ಕೊನೆಯದು ನನ್ನದು. ಮೇಲಿನಿಂದಲೇ ಬಿಟ್ಟೆ.

ಮೂರು ಅಡಿಕೆ.

ಮಾವ ಹಂಡೆಯೊಳಗೆ ನೋಡಿದರು. "ಮನೆಯವರು ಬೇಡ ಎಂದರು ಮಗಾ. ಕೇಳಿದ ಮೇಲೆ ಮೀರುವುದು ಹೇಗೆ?"

ಮರುವರ್ಷ ನನ್ನ ಮದುವೆಯಾಯಿತು. ಒಳ್ಳೆಯ ಮನುಷ್ಯರು, ಅವರ ಮೇಲೆ ನನಗೆ ದೂರಿಲ್ಲ. ಕಾನ್ವೆಂಟಿನಲ್ಲೇ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ರೈಮ್ಸ್ ಹೇಳಿಕೊಡುತ್ತಾ ಬದುಕು ಕಳೆಯಿತು. ಆ ಅಡಿಕೆಯ ದಿನ ಕಳೆದು ನಾಲ್ಕು ವರ್ಷಕ್ಕೆ ಚಿಕ್ಕಮ್ಮನ ಮಗಳು ಬಿ.ಎ.ಗೆ ಮದ್ರಾಸಿಗೆ ಹೋದಳು. ಯಾರೂ ಯಾರನ್ನೂ ಕೇಳಲಿಲ್ಲ. ಸ್ಟೇಷನ್ನಿಗೆ ಎಲ್ಲರೂ ಹೋಗಿ ಕೈ ಬೀಸಿದರು. ದೊಡ್ಡಮ್ಮ ದಾರಿಗೆ ಚಕ್ಕುಲಿ ಕಟ್ಟಿಕೊಟ್ಟರು.

ತೂಗುಮಂಚ

ಮಾವನನ್ನು ಕೊನೆಯ ಸಲ ನೋಡಿದ್ದು ಯುದ್ಧದ ಕಾಲದಲ್ಲಿ, ಅಕ್ಕಿಗೆ ರೇಷನ್ ಬಂದ ವರ್ಷ. ಮಗುವನ್ನು ಎತ್ತಿಕೊಂಡು ಕೊಟ್ಟಾರಕ್ಕೆ ಹೋಗಿದ್ದೆ. ಹೊತ್ತು ಇಳಿಯುತ್ತಿತ್ತು. ಯಜಮಾನಿಕೆಯನ್ನು ಅಣ್ಣನಿಗೆ ಬಿಟ್ಟು ಕೊಟ್ಟಿದ್ದರು, ಆದರೆ ಮಂಚದ ಮೇಲೆ ಅವರೇ ಕೂತಿದ್ದರು. ಅದನ್ನು ಕೇಳುವ ಧೈರ್ಯ ಅಣ್ಣನಿಗೆ ಬಂದಿರಲಿಲ್ಲ. ಮಾವ ಸೊರಗಿದ್ದರು. ಹೆಬ್ಬೆರಳು ಮಾತ್ರ ಹಾಗೆಯೇ ನೆಲ ಒತ್ತುತ್ತಿತ್ತು.

ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡರು. ಆಮೇಲೆ, ನಿನ್ನೆ ನಿಂತ ಮಾತನ್ನು ಮುಂದುವರಿಸುವ ಹಾಗೆ, "ಹಂಡೆಯೊಳಗೆ ಒಂದು ಬಟ್ಟೆ ಹಾಕಬೇಕಿತ್ತು ಮಗಾ" ಎಂದರು.

ನಾನು ಮಗುವನ್ನು ಇನ್ನೊಂದು ತೊಡೆಗೆ ಕೂರಿಸಿಕೊಂಡೆ.

"ಅಂದು ನಾನು ಮೀರಬೇಕಿತ್ತಾ? ನನ್ನ ಒಂದು ಮಾತಿಗೆ ನೀನು ಹೋಗ್ತಿದ್ದೆ. ಯಾರೂ ತುಟಿ ಬಿಚ್ಚುತ್ತಿರಲಿಲ್ಲ."

"ಮೀರುವುದು ಬೇಡ ಮಾವ" ಎಂದೆ. "ಆದರೆ ತಡ ಮಾಡಬಹುದಿತ್ತು. ಬೇಡ ಎಂದು ಅವತ್ತೇ ಮುಗಿಸದೆ, ಎರಡು ವರ್ಷ ಬಿಟ್ಟು ಇನ್ನೊಂದು ಸಲ ಕೇಳುವ ಎನ್ನಬಹುದಿತ್ತು."

ಅವರು ನನ್ನನ್ನು ನೋಡಿದರು. ಬೂಟಿಗೆ ಪಾಲಿಶ್ ಹಾಕಿದ್ದ ಆ ಡೋರ್‌ಕೀಪರ್ ಅವರಿಗೆ ನೆನಪಾಗಿರಬೇಕು. ತುಟಿ ಸ್ವಲ್ಪ ಅಲುಗಿತು.

"ಎರಡು ವರ್ಷ" ಎಂದರು.

ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಕಾಲು ಮುಟ್ಟಿ ಹೊರಟೆ. ಅಂಗಳ ದಾಟುವಾಗ ಸರಪಳಿ ಕೇಳುತ್ತಿತ್ತು. ಗದ್ದೆಯ ಬದುವಿಗೆ ಇಳಿಯುವಾಗಲೂ ಕೇಳುತ್ತಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಿವಿಗೊಟ್ಟು ನಿಂತೆ. ನಿಲ್ಲಲಿಲ್ಲ. ಮುಖ್ಯ ರಸ್ತೆಗೆ ಬಂದು, ಗಾಡಿಗಳ ಸದ್ದಿನಲ್ಲಿ ಅದು ಅಳಿಸಿ ಹೋಗುವವರೆಗೂ, ಮಾವ ಇನ್ನೂ ಯೋಚನೆ ಮಾಡುತ್ತಲೇ ಇದ್ದರು.